ಡನೀಡಿನ್ ದಾರಿಯಲ್ಲಿ ನಾಲ್ಕು ಒಳ್ಳೆಯ ಮಾತು

ಆಕ್ಲೆಂಡಿನ ಅಂಚಿನ ತಕಾನಿನಿಯಿಂದ ಹೊರಟಾಗ ಇನ್ನೂ ಬೆಳಕು ಹರಿದಿರಲಿಲ್ಲ. ಜುಲೈ ತಿಂಗಳು, ಇಲ್ಲಿ ನಡು ಚಳಿಗಾಲ. ನನ್ನ ತಂಗಿ ನಸೀಮಾ ಗೇಟಿನ ಹತ್ತಿರ ಶಾಲು ಹೊದ್ದು ನಿಂತು ಜೋಳದ ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ, ಕೀಮಾದ ಬುತ್ತಿ ಎಲ್ಲವನ್ನೂ ಒಂದೊಂದಾಗಿ ನನ್ನ ತೊಡೆಯ ಮೇಲೆ ಹೇರಿದಳು. ಆಮೇಲೆ ಗಾಡಿಯ ಆಚೆ ಬದಿಗೆ ಹೋಗಿ, ಸ್ಟಿಯರಿಂಗ್ ಹಿಡಿದು ಕೂತಿದ್ದ ಕಾನರ್‌ನ ತಲೆಯ ಮೇಲೆ ಅಂಗೈ ಇಟ್ಟು ದುವಾ ಓದಿ ಊದಿದಳು. ಆರಡಿ ಎತ್ತರದ ಐರಿಶ್ ಹುಡುಗ ಕಣ್ಣು ಮುಚ್ಚಿ, ತಲೆ ತಗ್ಗಿಸಿ ಊದಿಸಿಕೊಂಡ.

ನಾನು ಬ್ಯಾಡಗಿಯವಳು. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿ ನಿವೃತ್ತಳಾದ ಮೇಲೆ ತಂಗಿಯ ಮನೆಯಲ್ಲಿ ನಾಲ್ಕು ದಿನ ಇದ್ದು ಹೋಗೋಣವೆಂದು ನ್ಯೂಜಿಲೆಂಡಿಗೆ ಬಂದವಳು. ತಂಗಿಯ ಮಗಳು ಸನಾ ಓದುವುದು ದೇಶದ ಇನ್ನೊಂದು ತುದಿಯ ಡನೀಡಿನ್‌ನಲ್ಲಿ. ಅವಳನ್ನು ನೋಡಬೇಕೆಂದರೆ ವಿಮಾನದಲ್ಲಿ ಎರಡು ತಾಸಿನ ದಾರಿ. ಅದನ್ನು ಬಿಟ್ಟು ಮೂರು ಜನ ಒಂದೇ ಸೀಟಿನಲ್ಲಿ ಒತ್ತಿಕೊಂಡು, ಹಳೇ ಯೂಟ್ ಗಾಡಿಯಲ್ಲಿ ಮೂರು ದಿನ ರಸ್ತೆ ಹಿಡಿದದ್ದು ಕಾನರ್‌ಗೋಸ್ಕರ. ಯೂಟ್ ಎಂದರೆ ಮುಂದೆ ಕಾರಿನ ಹಾಗೆ ಕ್ಯಾಬಿನ್, ಹಿಂದೆ ಸಾಮಾನು ಹೇರುವ ತೊಟ್ಟಿ. ತೊಟ್ಟಿಯಲ್ಲಿ ತಾಡಪತ್ರಿಯ ಕೆಳಗೆ ಅವನ ಬಡಗಿ ಸಾಮಾನೆಲ್ಲ ಇತ್ತು.

ಕಾನರ್ ಐರ್ಲೆಂಡಿನ ಪಶ್ಚಿಮದ ಮೇಯೋ ಸೀಮೆಯವನು. ಕಸುಬಿನಲ್ಲಿ ಬಡಗಿ. ಒಂದು ವರ್ಷದ ವೀಸಾ ಹಿಡಿದು, ಆಕ್ಲೆಂಡಿನ ಮನೆ ಕಟ್ಟುವ ಕಂಪನಿಯೊಂದರ ಮಾತು ನಂಬಿ ಬಂದಿದ್ದ. ತಕಾನಿನಿಯಲ್ಲಿ ಸಾಲು ಸಾಲು ಹೊಸ ಮನೆಗಳಿಗೆ ಚೌಕಟ್ಟು ನಿಲ್ಲಿಸಿದ. ಮೂರು ತಿಂಗಳಿಗೇ ಕಂಪನಿ ಬಾಗಿಲು ಹಾಕಿತು, ಅದರ ಮಾಲೀಕ ಆಸ್ಟ್ರೇಲಿಯಾಕ್ಕೆ ಹೋದ. ಆಮೇಲೆ ಎಷ್ಟು ಕಡೆ ಅರ್ಜಿ ಹಾಕಿದರೂ ಒಂದೇ ಉತ್ತರ: ಸದ್ಯಕ್ಕೆ ಯಾರನ್ನೂ ತೆಗೆದುಕೊಳ್ಳುತ್ತಿಲ್ಲ. ನನ್ನ ತಂಗಿಯ ಗಂಡ ರಫೀಕ್ ಅಲ್ಲಿ ಡೈರಿ ನಡೆಸುತ್ತಾನೆ. ಡೈರಿ ಎಂದರೆ ಹಾಲಿನ ಕೇಂದ್ರವಲ್ಲ, ಬ್ರೆಡ್ಡು, ಹಾಲು, ಪೇಪರು, ಐಸ್‌ಕ್ರೀಮು ಎಲ್ಲ ಸಿಗುವ ಓಣಿಯ ಅಂಗಡಿ. ಅಂಗಡಿಗೆ ಬ್ರೆಡ್ಡು ಕೊಳ್ಳಲು ಬರುತ್ತಿದ್ದ ಹುಡುಗನ ಮೋರೆ ದಿನದಿನಕ್ಕೂ ಒಣಗುವುದನ್ನು ನೋಡಿ ನಸೀಮಾಳೇ ಮನೆಯ ಹಿಂದಿನ ಕೋಣೆ ಕೊಟ್ಟಳು. ರಫೀಕ್ ಅಂಗಡಿಯಲ್ಲಿ ಕೆಲಸ ಕೊಟ್ಟ. ಹಾಗೆ ಎಂಟು ತಿಂಗಳು ಕಳೆದಿತ್ತು.

ಈಗ ವೀಸಾ ಮುಗಿಯಲು ಒಂದು ತಿಂಗಳು ಉಳಿದಿತ್ತು. ಅಷ್ಟರಲ್ಲಿ ಡನೀಡಿನ್‌ನ ಒಂದು ಕಟ್ಟಡದ ಕಂಪನಿಯವರು ಫೋನಿನಲ್ಲಿ ಮಾತಾಡಿ, ಗುರುವಾರ ಬಾ, ಕೈಕೆಲಸ ನೋಡುತ್ತೇವೆ ಎಂದಿದ್ದರು. ಅವರು ತೆಗೆದುಕೊಂಡರೆ ವೀಸಾಕ್ಕೂ ಅವರೇ ಕಾಗದ ಕೊಡುತ್ತಾರೆ. ಇಲ್ಲದಿದ್ದರೆ ಅವನು ಗಂಟುಮೂಟೆ ಕಟ್ಟಬೇಕು. ಬಾಕಿ ಉಳಿದದ್ದು ಒಂದೇ: ಅವನು ಈಗ ಕೆಲಸ ಮಾಡುತ್ತಿರುವ ಕಡೆಗೆ ಫೋನ್ ಮಾಡಿ ವಿಚಾರಿಸುವುದು. ಅಂದರೆ ರಫೀಕ್‌ಗೆ ಫೋನ್ ಬರಬೇಕಿತ್ತು. ಹುಡುಗನನ್ನು ಇಂಥ ಹೊತ್ತಿನಲ್ಲಿ ಒಬ್ಬನೇ ಕಳಿಸಬಾರದು ಎಂದು ನಸೀಮಾ ಹಟ ಹಿಡಿದಳು. ಅಂಗಡಿ ತಾನು ನೋಡಿಕೊಳ್ಳುತ್ತೇನೆಂದು ಗಂಡನನ್ನೂ ನನ್ನನ್ನೂ ಗಾಡಿ ಹತ್ತಿಸಿದಳು.

ಹೊರಟ ಕಾಲು ಗಂಟೆಗೆ ಬಾಂಬೆ ಬಂತು. ಆ ಹೆಸರಿನ ಗುಡ್ಡ, ಆ ಹೆಸರಿನ ಊರು, ಸುತ್ತ ಈರುಳ್ಳಿ ಹೊಲ. ಹುಬ್ಬಳ್ಳಿಯಿಂದ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಸೊಂಟ ನೋಯಿಸಿಕೊಂಡು ತಲುಪುವ ಊರು ಇಲ್ಲಿ ಚಹಾ ಆರುವುದರೊಳಗೆ ಬಂದುಬಿಡುತ್ತದೆ ಎಂದೆ. ಗೇರಿಗೆ ಮೊಣಕಾಲು ತಾಗದಂತೆ ನಡುವೆ ಮುದುರಿ ಕೂತಿದ್ದ ರಫೀಕ್ ನಕ್ಕು, ಅದನ್ನು ಕಾನರ್‌ಗೆ ಇಂಗ್ಲಿಷಿನಲ್ಲಿ ಹೇಳಿದ. ಕಾನರ್‌ಗೆ ಎಂಟು ತಿಂಗಳಲ್ಲಿ ನಮ್ಮ ಮನೆಯ ಮಾತು ಅಷ್ಟಿಷ್ಟು ಬಂದಿತ್ತು. ನಮ್ಮ ಮನೆಯಲ್ಲಿ ಉರ್ದುವೂ ಕನ್ನಡವೂ ಒಂದೇ ತಟ್ಟೆಯಲ್ಲಿ ಉಣ್ಣುತ್ತವೆ. ಅವನಿಗೆ ಯಾವುದು ಯಾವುದೆಂದು ಗೊತ್ತಿರಲಿಲ್ಲ, ಆದರೆ ನಸೀಮಾ ಉಣ್ಣಲು ಕರೆದರೆ ಎರಡೂ ಭಾಷೆಯಲ್ಲಿ ಎದ್ದು ಬರುತ್ತಿದ್ದ.

ಟೌಪೋ ಎಂಬ ದೊಡ್ಡ ಕೆರೆಯ ದಂಡೆಯಲ್ಲಿ ಬುತ್ತಿ ಬಿಚ್ಚಿದೆವು. ಕೆರೆ ಎನ್ನುವುದು ನನ್ನ ಮಾತು. ಆಚೆ ದಂಡೆ ಕಾಣುವುದಿಲ್ಲ, ದೂರದಲ್ಲಿ ಹಿಮ ಹೊತ್ತ ಬೆಟ್ಟ. ರಫೀಕ್ ಹುಲ್ಲಿನ ಮೇಲೆ ಬಟ್ಟೆ ಹಾಸಿ ನಮಾಜಿಗೆ ನಿಂತಾಗ ಕಾನರ್ ಗಾಳಿಗೆ ಬಟ್ಟೆ ಹಾರದಂತೆ ಅದರ ಮೂಲೆಗೆ ತನ್ನ ಸುತ್ತಿಗೆ ಇಟ್ಟ. ರೊಟ್ಟಿ ಮುರಿಯುತ್ತ ನಾನು, ನಿಮ್ಮ ದೇಶದಲ್ಲಿ ಬಡಗಿಗಳಿಗೆ ಕೆಲಸವೇ ಇಲ್ಲವೇನಪ್ಪಾ ಎಂದು ಕೇಳಿದೆ.

“ಕೆಲಸ ಬೇಕಾದಷ್ಟಿದೆ ಆಂಟಿ. ಇರೋಕೆ ಮನೆ ಇಲ್ಲ,” ಎಂದ. “ಇಲ್ಲಿ ಮನೆ ಇವೆ, ಕೆಲಸ ಇಲ್ಲ.”

ಅವನ ಅಣ್ಣ ಹೆಂಡತಿ ಮಕ್ಕಳೊಂದಿಗೆ ಇನ್ನೂ ತಾಯಿಯ ಮನೆಯಲ್ಲೇ ಇದ್ದಾನೆ. ಅಕ್ಕ ಮೇಲಿನ ಕೋಣೆಯಲ್ಲಿ. ಬಾಡಿಗೆಗೆ ಮನೆ ಸಿಗುವುದಿಲ್ಲ, ಸಿಕ್ಕರೆ ದುಡಿದದ್ದೆಲ್ಲ ಅದಕ್ಕೇ ಸುರಿಯಬೇಕು. ಇವನು ಹಿಂದಿರುಗಿದರೆ ಮಲಗಲು ಜಾಗ ಮುಂದಿನ ಕೋಣೆಯ ಸೋಫಾ ಮಾತ್ರ. ಮೂವತ್ತೊಂದು ವರ್ಷದ ಗಂಡಸು, ಇಡೀ ಬೀದಿಗೆ ಮನೆ ಕಟ್ಟಿಕೊಟ್ಟವನು. ಕೇಳಿ ನಾನು ಮುರಿದ ರೊಟ್ಟಿಯನ್ನು ಅವನ ಕಡೆಗೇ ಸರಿಸಿದೆ. ತಕಾನಿನಿಯಲ್ಲಿ ಅವನು ಕಟ್ಟಿದ ಮನೆಗಳ ಮುಂದೆ ‘ಮಾರಾಟಕ್ಕಿದೆ’ ಎಂಬ ಹಲಗೆಗಳು ಇನ್ನೂ ಮಳೆಗೆ ನೆನೆಯುತ್ತಿವೆ.

ಅವನ ಮನೆಯವರು ಕೈಬಿಟ್ಟವರಲ್ಲ. ಅದನ್ನು ಹೇಳಲೇಬೇಕು. ಅಕ್ಕ ಅಲ್ಲಿಂದಲೇ ಅವನ ಅರ್ಜಿಗಳನ್ನೆಲ್ಲ ಬರೆದು ತಿದ್ದಿ ಕಳಿಸುತ್ತಿದ್ದಳು. ತಾಯಿ ಬ್ರಿಜಿಡ್ ಉಣ್ಣೆಯ ಕಾಲುಚೀಲ, ಅವರ ಕಡೆಯ ಕಡಕ್ ಚಹಾಪುಡಿ, ಯಾವುದೋ ಸಂತನ ಪದಕ ಎಲ್ಲ ಪಾರ್ಸೆಲ್ ಮಾಡುತ್ತಿದ್ದಳು. ಮಗನ ಕೆಲಸಕ್ಕೆಂದು ಚರ್ಚಿನಲ್ಲಿ ಪ್ರಾರ್ಥನೆ ಇಡಿಸಿದ್ದಳು. ವಾರಕ್ಕೊಮ್ಮೆ ವೀಡಿಯೋದಲ್ಲಿ ಮನೆಮಂದಿಯೆಲ್ಲ ಒಂದೇ ಮೇಜಿನ ಸುತ್ತ ಕೂತು ಇವನನ್ನು ನೋಡುತ್ತಿದ್ದರು. ಕರೆ ಮುಗಿದ ಮೇಲೆ ಇವನು ಹಿಂದಿನ ಕೋಣೆಯಿಂದ ಹೊರಗೆ ಬರುತ್ತಿರಲಿಲ್ಲ ಎಂದು ನಸೀಮಾ ಹೇಳುತ್ತಿದ್ದಳು. ಇಷ್ಟು ಜನ ಹರಸಿದರೂ ಕೆಲಸ ಸಿಗಲಿಲ್ಲವಲ್ಲ ಎಂಬ ನಾಚಿಕೆ ಅವನಿಗೆ. ಯಾರೂ ಹರಸದಿದ್ದರೆ ಅಷ್ಟು ನಾಚಿಕೆ ಇರುತ್ತಿರಲಿಲ್ಲವೋ ಏನೋ.

ಸಂಜೆ ವೆಲ್ಲಿಂಗ್ಟನ್‌ಗೆ ಮೊದಲೇ ಎಡಕ್ಕೆ ಹೊರಳಿ, ಗುಡ್ಡ ದಾಟಿ ಅಪ್ಪರ್ ಹಟ್ ತಲುಪಿದೆವು. ಪ್ರಸನ್ನನ ಮನೆಯಲ್ಲಿ ಆ ರಾತ್ರಿಯ ವಸ್ತಿ. ಪ್ರಸನ್ನ ಮೈಸೂರಿನವನು, ಡನೀಡಿನ್‌ನಲ್ಲೇ ಓದಿ, ಈಗ ವೆಲ್ಲಿಂಗ್ಟನ್‌ನ ಒಂದು ಆಫೀಸಿನಲ್ಲಿ ಕೆಲಸಕ್ಕೆ ಜನ ಆರಿಸುವ ವಿಭಾಗದಲ್ಲಿದ್ದಾನೆ. ಬಿಸಿ ಸಾರು, ಅನ್ನ, ಹಪ್ಪಳ ಹಾಕಿ ಉಣಬಡಿಸಿದ. ಊಟದ ನಡುವೆ ಆ ಫೋನಿನ ಮಾತು ಬಂತು.

“ಅಂಕಲ್, ಅವ್ರು ಕೇಳಿದ್ದಕ್ಕೆ ಅಷ್ಟೇ ಉತ್ರ ಕೊಡಿ,” ಎಂದ ಪ್ರಸನ್ನ. “ಒಂದು ಮಾತೂ ಜಾಸ್ತಿ ಬೇಡ. ಇಲ್ಲಿ ನೀವು ಹೇಳಿದ್ದನ್ನೆಲ್ಲ ಬರ್ಕೋತಾರೆ.”

“ಬರಕೊಳ್ಳಿ ಬಿಡಪಾ,” ಎಂದ ರಫೀಕ್. “ಬರಕೊಂಡಷ್ಟೂ ಹುಡುಗಗ ಚೊಲೋನ ಆಗ್ತೈತಿ.”

ಪ್ರಸನ್ನ ಮತ್ತೆ ವಿವರಿಸಲು ನೋಡಿದ. ರಫೀಕ್ ಮಾತು ಬದಲಿಸಿದ. ಮಲಗುವ ಮುಂಚೆ ನನ್ನ ಹತ್ತಿರ ಬಂದು, ಈ ಮೈಸೂರಿನವರು ಸಾರು ಬಡಿಸುವಾಗ ಧಾರಾಳ, ಮಾತಿನಲ್ಲಿ ಮಾತ್ರ ಕಂಜೂಸು ಎಂದು ಗೊಣಗಿದ. ನಾನೂ ನಕ್ಕೆ. ನಮಗೆ ಇದು ಅರ್ಥವಾಗುವುದೇ ಕಷ್ಟ. ರಫೀಕ್‌ನ ತಂದೆ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ದಲಾಲಿ ಅಂಗಡಿ ಇಟ್ಟಿದ್ದವರು. ಅಲ್ಲಿ ಮಾರುವವನು ತನ್ನ ಮಾಲನ್ನು ಹದಿನಾರಾಣೆ ಹೊಗಳುತ್ತಾನೆ, ಕೊಳ್ಳುವವನು ಅದರಲ್ಲಿ ಎಂಟಾಣೆ ಕಳೆದು ಕೇಳಿಸಿಕೊಳ್ಳುತ್ತಾನೆ. ಇಬ್ಬರಿಗೂ ಇದು ಗೊತ್ತು, ಯಾರೂ ಸುಳ್ಳುಗಾರರಲ್ಲ. ಮಾಲನ್ನು ಇದ್ದಷ್ಟೇ ಹೊಗಳಿದವನ ಚೀಲದ ಕಡೆ ಯಾರೂ ತಿರುಗಿ ನೋಡುವುದಿಲ್ಲ, ಒಳಗೆ ಏನೋ ಹುಳುಕಿದೆ ಎಂದುಕೊಳ್ಳುತ್ತಾರೆ. ಹೆಣ್ಣು ಕೊಡುವಾಗಲೂ ಹಾಗೆಯೇ, ಕೆಲಸ ಕೊಡಿಸುವಾಗಲೂ ಹಾಗೆಯೇ. ಯಾರದಾದರೂ ಪರವಾಗಿ ಬಾಯಿ ತೆರೆದರೆ ನಾಲ್ಕು ಮಾತು ಹೆಚ್ಚೇ ಹೇಳಬೇಕು, ಇಲ್ಲದಿದ್ದರೆ ಬಾಯಿ ತೆರೆಯಬಾರದು.

ಮರುದಿನ ವೆಲ್ಲಿಂಗ್ಟನ್‌ನಲ್ಲಿ ಹಡಗು ಹತ್ತಿದೆವು. ಗಾಡಿಗೂ ಮೂವರಿಗೂ ಸೇರಿ ಟಿಕೆಟ್ ನಾನೂರು ಡಾಲರಿನ ಹತ್ತಿರ. ಉತ್ತರ ದ್ವೀಪದಿಂದ ದಕ್ಷಿಣ ದ್ವೀಪಕ್ಕೆ ಮೂರೂವರೆ ತಾಸಿನ ದಾರಿ. ಗಾಡಿಗಳನ್ನೆಲ್ಲ ಹಡಗಿನ ಹೊಟ್ಟೆಗೆ ನುಂಗಿಸಿ, ಜನ ಮೇಲೆ ಹತ್ತಿ ಕೂರಬೇಕು. ಕಾನರ್ ಒಳಗಿನ ಸೀಟಿನಲ್ಲಿ ಕೂತ ಕೂಡಲೇ ನಿದ್ದೆ ಹೋದ. ನಾನೂ ರಫೀಕ್‌ನೂ ಊರು ನೋಡಲೆಂದು ಮೇಲಿನ ಅಟ್ಟಕ್ಕೆ ಬಂದು ಕಂಬಿ ಹಿಡಿದು ನಿಂತೆವು. ಹಡಗು ಇನ್ನೂ ಬಿಟ್ಟಿರಲಿಲ್ಲ. ಆಗ ಫೋನ್ ಬಂತು.

ಡನೀಡಿನ್‌ನ ಕಂಪನಿಯ ಮ್ಯಾನೇಜರ್, ಹೆಣ್ಣುಮಗಳು. ಗಾಳಿಗೆ ಕೇಳಿಸುವುದಿಲ್ಲವೆಂದು ರಫೀಕ್ ಸ್ಪೀಕರ್ ಹಾಕಿದ. ಅವಳು ಕೇಳಿದ್ದು ನಾಲ್ಕೈದೇ ಪ್ರಶ್ನೆ. ರಫೀಕ್ ಒಂದೊಂದಕ್ಕೂ ಎದೆ ತುಂಬಿ ಉತ್ತರ ಕೊಟ್ಟ. ಹುಡುಗ ಅಪ್ಪಟ ಬಂಗಾರ. ಅಂಗಡಿಯ ಬೀಗದ ಕೈ ಅವನ ಕೈಯಲ್ಲೇ ಇರುತ್ತದೆ. ಮನೆಯ ಹಿಂದಿನ ಕಟ್ಟೆಯನ್ನು ಅವನೇ ಮರದಲ್ಲಿ ಕಟ್ಟಿಕೊಟ್ಟ. ಇಷ್ಟೂ ನಿಜ. ಎಷ್ಟು ದಿನದಿಂದ ನಿಮ್ಮಲ್ಲಿದ್ದಾನೆ ಎಂದು ಅವಳು ಕೇಳಿದಾಗ, “ಎರಡು ವರ್ಷ. ಎರಡು ವರ್ಷದಿಂದ ನನ್ನ ಮಗನ ಹಾಗೆ ಇದ್ದಾನೆ,” ಎಂದ.

ನಾನು ಪಕ್ಕದಲ್ಲೇ ಇದ್ದೆ. ಎರಡು ವರ್ಷವಲ್ಲ ಎಂಬುದು ನನಗೂ ಗೊತ್ತಿತ್ತು, ಆದರೆ ಆ ಕ್ಷಣದಲ್ಲಿ ಅದು ಸುಳ್ಳು ಎಂದು ನನ್ನ ಕಿವಿಗೆ ಹತ್ತಲೇ ಇಲ್ಲ. ಬದಲಿಗೆ ಅವನ ಸ್ವಭಾವದ ಬಗ್ಗೆಯೂ ಹೇಳು ಎಂದು ಕೈಸನ್ನೆ ಮಾಡಿದೆ. ಅವನು ಸಿಗರೇಟು ಮುಟ್ಟುವುದಿಲ್ಲ, ಹೆಂಡ ಮೂಸಿಯೂ ನೋಡಿಲ್ಲ ಎಂದೂ ಸೇರಿಸಿದ. ಆಚೆಯಿಂದ ಸಣ್ಣ ನಗು ಕೇಳಿಸಿತು. ಐರ್ಲೆಂಡಿನ ಬಡಗಿಯ ಬಗ್ಗೆ ಅದನ್ನು ನಂಬುವವರು ಇಡೀ ನ್ಯೂಜಿಲೆಂಡಿನಲ್ಲಿ ಯಾರೂ ಇರಲಿಕ್ಕಿಲ್ಲ. ಅವಳು ಥ್ಯಾಂಕ್ಯೂ, ತುಂಬ ಉಪಕಾರವಾಯಿತು ಎಂದು ಫೋನ್ ಇಟ್ಟಳು.

“ಆಪಾ, ಕೆಲಸ ಆತು ಅಂತ ತಿಳಕೋರಿ,” ಎಂದ ರಫೀಕ್. ಮಂಡಿಯಲ್ಲಿ ಒಳ್ಳೆಯ ದರ ಸಿಕ್ಕಾಗ ಅವನ ಅಪ್ಪನ ಮೋರೆ ಹೀಗೇ ಅರಳುತ್ತಿತ್ತು.

ಕೆಳಗೆ ಹೋಗಿ ಕಾನರ್‌ನನ್ನು ಎಬ್ಬಿಸಿ ಹೇಳಿದ. ಫೋನ್ ಬಂದಿತ್ತು, ಎಲ್ಲ ಚೆನ್ನಾಗಿ ಹೇಳಿದ್ದೇನೆ, ಅವಳಿಗೆ ಬಹಳ ಹಿಡಿಸಿತು. ಏನೇನು ಹೇಳಿದೆ ಎಂದು ಕಾನರ್ ಕೇಳಲಿಲ್ಲ, ರಫೀಕ್ ಹೇಳಲೂ ಇಲ್ಲ. ಕಾನರ್ ಅಲ್ಲಿಂದಲೇ ಮನೆಗೆ ಕರೆ ಹಚ್ಚಿದ. ಅಲ್ಲಿ ಹಿಂದಿನ ದಿನದ ರಾತ್ರಿ. ತಾಯಿ ಅಡುಗೆಮನೆಯಲ್ಲಿ ನೈಟಿ ಮೇಲೆ ಸ್ವೆಟರ್ ತೊಟ್ಟು ಕೂತಿದ್ದಳು, ಬಿಳಿಕೂದಲಿನ ದುಂಡು ಮೋರೆಯ ಹೆಂಗಸು. ಸುದ್ದಿ ಕೇಳಿ ಬಾಯಿಗೆ ಕೈ ಅಡ್ಡ ಹಿಡಿದು ಅತ್ತಳು. ಅಕ್ಕ ಮಹಡಿಯಿಂದ ಓಡಿಬಂದಳು. ಇನ್ನೂ ನಿಕ್ಕಿಯಾಗಿಲ್ಲ ಎಂದು ಕಾನರ್ ಎಷ್ಟು ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನನಗೆ ಆ ತಾಯಿಯನ್ನು ಕಂಡು ನಮ್ಮವರನ್ನೇ ಕಂಡಂತಾಯಿತು. ಆಸೆ ಪಡಲು ನಮ್ಮ ಕಡೆಯವರಿಗೂ ಅಷ್ಟೇ ಸಾಕು.

ಪಿಕ್ಟನ್‌ನಲ್ಲಿ ಇಳಿದು ಸಮುದ್ರದ ಅಂಚಿನ ರಸ್ತೆ ಹಿಡಿದೆವು. ಕೈಕೋರಾದ ಹತ್ತಿರ ಬಂಡೆಗಳ ಮೇಲೆ ಸೀಲ್ ಎಂಬ ಕಡಲಪ್ರಾಣಿಗಳು ಮಧ್ಯಾಹ್ನದ ಬಿಸಿಲಿಗೆ ಒರಗಿದ್ದವು. ಬಲಗಡೆ ಹಿಮದ ಬೆಟ್ಟ, ಎಡಗಡೆ ಸಮುದ್ರ. ಇಂಥ ಚೆಂದ ನಾನು ಜನ್ಮದಲ್ಲಿ ನೋಡಿರಲಿಲ್ಲ. ಕಾನರ್ ಆ ದಿನ ಹಾಡಿದ. ಮೀನಿನ ಅಂಗಡಿಯಲ್ಲಿ ಕರಿದ ಮೀನು, ಆಲೂ ತುಂಡು ಕಟ್ಟಿಸಿಕೊಂಡು ಗಾಡಿಯೊಳಗೇ ತಿಂದೆವು. ಅಷ್ಟರಲ್ಲಿ ಅವನ ಅಕ್ಕನ ಸಂದೇಶ ಬಂತು: ಅಮ್ಮ ಪಕ್ಕದ ಮನೆಯವರನ್ನು ಎಬ್ಬಿಸಿ ಹೇಳಿದ್ದಾಳೆ, ಬೆಳಗ್ಗೆ ಚರ್ಚಿನಲ್ಲಿ ಮೇಣದ ಬತ್ತಿ ಹಚ್ಚುತ್ತಾಳಂತೆ. ಆ ರಾತ್ರಿ ಕ್ರೈಸ್ಟ್‌ಚರ್ಚ್‌ನಲ್ಲಿ ಉಳಿದು, ಮರುದಿನ ಗೆರೆ ಎಳೆದಂತಿದ್ದ ರಸ್ತೆಯಲ್ಲಿ ಕುರಿ, ಹಸು, ಮತ್ತೆ ಕುರಿ ನೋಡುತ್ತ ಕತ್ತಲಾಗುವ ಹೊತ್ತಿಗೆ ಡನೀಡಿನ್ ಸೇರಿದೆವು.

ಡನೀಡಿನ್ ಕಲ್ಲಿನ ಊರು. ಹಳೆಯ ವಿಶ್ವವಿದ್ಯಾಲಯ, ಕಡಿದಾದ ಬೀದಿಗಳು, ಬೆಳಗ್ಗೆ ಎದ್ದರೆ ಗಾಡಿಯ ಗಾಜಿನ ಮೇಲೆ ಮಂಜಿನ ಹೆಪ್ಪು. ಸನಾ ನಾಲ್ಕು ಜನ ಫ್ಲ್ಯಾಟ್‌ಮೇಟ್‌ಗಳ ಜೊತೆ ಇರುವ ಮನೆ ಹೊರಗಿಗಿಂತ ಒಳಗೆ ತಣ್ಣಗಿತ್ತು. ನಾವು ಮೋಟೆಲ್ಲಿನಲ್ಲಿ ಉಳಿದೆವು. ಸನಾ ನಮ್ಮ ಮಾತೆಲ್ಲ ಕೇಳಿಸಿಕೊಳ್ಳುತ್ತಾಳೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಗುರುವಾರ ಬೆಳಗ್ಗೆ ಕಾನರ್ ಇಸ್ತ್ರಿ ಮಾಡಿದ ಅಂಗಿ ಹಾಕಿ, ತಾಯಿ ಕಳಿಸಿದ ಪದಕವನ್ನು ಜೇಬಿಗಿಟ್ಟು ಕಂಪನಿಯ ಆಫೀಸಿಗೆ ಹೋದ. ನಾವು ಮೂವರೂ ಬೀದಿಯ ಆಚೆ ಒಂದು ಕೆಫೆಯಲ್ಲಿ ಕೂತೆವು. ಮಧ್ಯಾಹ್ನದವರೆಗೂ ಕೆಲಸ ಮಾಡಿಸಿ ನೋಡುತ್ತಾರೆ ಎಂದಿದ್ದ. ನಾನು ತರಿಸಿದ ಚಹಾ ಆರುವ ಮುಂಚೆಯೇ ಹೊರಗೆ ಬಂದ.

ಅವನು ಬಂದು ಕುರ್ಚಿ ಎಳೆದು ಕೂತ. ಒಳಗೆ ನಡೆದದ್ದನ್ನು ಹೇಳಿದ. ಮ್ಯಾನೇಜರ್ ಅವನ ಅರ್ಜಿಯನ್ನೂ, ಫೋನಿನಲ್ಲಿ ಬರೆದುಕೊಂಡದ್ದನ್ನೂ ಪಕ್ಕ ಪಕ್ಕ ಇಟ್ಟುಕೊಂಡು ಕೂತಿದ್ದಳು. ನೀನು ಈ ದೇಶಕ್ಕೆ ಬಂದೇ ವರ್ಷ ತುಂಬಿಲ್ಲ, ನಿನ್ನ ಮಾಲೀಕರು ಎರಡು ವರ್ಷ ಅನ್ನುತ್ತಾರೆ. ಇಬ್ಬರಲ್ಲಿ ಒಬ್ಬರು ನಿಜ ಹೇಳುತ್ತಿಲ್ಲ. ನೀನೇ ಹೇಳಿಸಿದೆಯೋ, ಅವರಾಗಿ ಹೇಳಿದರೋ ನಮಗೆ ಗೊತ್ತಿಲ್ಲ. ವೀಸಾಕ್ಕೆ ಸಹಿ ಹಾಕುವವರು ನಾವು, ಸಂಶಯ ಇಟ್ಟುಕೊಂಡು ಹಾಕಲು ಆಗುವುದಿಲ್ಲ. ಹತ್ಯಾರದ ಪೆಟ್ಟಿಗೆಯನ್ನು ತೆರೆಯಲೂ ಹೇಳಲಿಲ್ಲವಂತೆ.

ಸನಾ ಅಪ್ಪನ ಕಡೆ ತಿರುಗಿದಳು.

“ಡ್ಯಾಡ್, ಯು ಲೈಡ್,” ಎಂದಳು.

ರಫೀಕ್‌ಗೆ ಇದು ತಲೆಗೆ ಹೋಗಲು ಬಹಳ ಹೊತ್ತು ಬೇಕಾಯಿತು. ಸುಳ್ಳು ಎಂಬ ಮಾತನ್ನು ಅವನು ತನ್ನ ಮೇಲೆ ಹಾಕಿ ನೋಡಿದವನೇ ಅಲ್ಲ. ನಮಾಜು ತಪ್ಪಿಸದವನು, ಅಂಗಡಿಯಲ್ಲಿ ಯಾರಾದರೂ ಮರೆತು ಹೋದ ಚಿಲ್ಲರೆಯನ್ನು ಎತ್ತಿಟ್ಟು ಕೊಡುವವನು. ಎದ್ದು ನಿಂತು, ನಾನೇ ಹೋಗಿ ಹೇಳುತ್ತೇನೆ ಎಂದ. ಬೇಡ ಅಂಕಲ್ ಎಂದು ಕಾನರ್ ಅವನ ತೋಳು ಹಿಡಿದ. ಬಿಡಿಸಿಕೊಂಡು ಹೊರಟ. ಒಬ್ಬನೇ ಹೋದರೆ ಇನ್ನೇನು ಹೇಳಿಬಿಡುತ್ತಾನೋ ಎಂದು ನಾನೂ ಹಿಂದೆ ಹೋದೆ.

ಮ್ಯಾನೇಜರ್ ನಮ್ಮನ್ನು ಕೂರಿಸಿದಳು, ನೀರು ಕೊಟ್ಟಳು. ಒಳ್ಳೆಯ ಮೋರೆಯ ನಡುವಯಸ್ಸಿನ ಹೆಂಗಸು. ರಫೀಕ್ ತಪ್ಪು ತನ್ನದೆಂದ. ಆಮೇಲೆ, ಅಯ್ಯೋ, ಅವಳಿಗೆ ಬ್ಯಾಡಗಿ ಮೆಣಸಿನಕಾಯಿಯ ಕತೆ ಹೇಳಲು ಶುರುಮಾಡಿದ. ಚೀಲ ಬಿಚ್ಚುವುದು, ಹಿಡಿ ತುಂಬ ತೆಗೆದು ಬಣ್ಣ ತೋರಿಸುವುದು, ಹೊಗಳುವುದು, ಕೊಳ್ಳುವವನು ಅರ್ಧ ಕಳೆಯುವುದು. ಅವಳು ಕೊನೆಯವರೆಗೂ ತಲೆದೂಗುತ್ತ ಕೇಳಿದಳು. ಕೇಳಿ ಮುಗಿದ ಮೇಲೆ ಮೃದುವಾಗಿ ಒಂದು ಪ್ರಶ್ನೆ ಕೇಳಿದಳು.

“ಆ ದಿನ ಹೇಳಿದ್ದರಲ್ಲಿ ಅರ್ಧ ಕಳೆಯಬೇಕಾದರೆ, ಇವತ್ತು ಹೇಳುತ್ತಿರುವುದರಲ್ಲಿ ನಾನು ಎಷ್ಟು ಕಳೆಯಬೇಕು?”

ಅವಳು ಎದ್ದು ಕೈ ಕುಲುಕಿ, ಬಂದು ವಿವರಿಸಿದ್ದಕ್ಕೆ ವಂದನೆ, ನೋ ವರಿಸ್ ಎಂದಳು. ಈ ದೇಶದಲ್ಲಿ ಹಾಲು ಚೆಲ್ಲಿದರೂ ನೋ ವರಿಸ್, ಕಾಲು ತುಳಿದರೂ ನೋ ವರಿಸ್. ಬಂದಾಗಿನಿಂದ ಆ ಮಾತು ನನಗೆ ಬಲು ಹಿತವಾಗಿತ್ತು. ಅವತ್ತು ಅದನ್ನು ಕೇಳಿ ಮೈಯೆಲ್ಲ ಉರಿಯಿತು. ಬೈದು ಕಳಿಸಿದ್ದರೆ ಕಾಲು ಹಿಡಿಯಬಹುದಿತ್ತು. ಅಷ್ಟು ಸಭ್ಯವಾಗಿ ಬಾಗಿಲು ಹಾಕಿದವರ ಮುಂದೆ ಏನು ಮಾಡುವುದು ಎಂದು ನಮ್ಮ ಊರಿನಲ್ಲಿ ಯಾರೂ ಕಲಿಸಿರಲಿಲ್ಲ.

ಮರಳುವಾಗ ನಡುವೆ ನಾನು ಕೂತೆ. ಯಾರೂ ಹೇಳಲಿಲ್ಲ, ತಾನಾಗಿ ಹಾಗಾಯಿತು. ನನ್ನನ್ನೂ ರಫೀಕ್‌ನನ್ನೂ ವಿಮಾನದಲ್ಲಿ ಕಳಿಸಿ ತಾನೊಬ್ಬನೇ ಬರುತ್ತೇನೆಂದು ಕಾನರ್ ಒಂದು ಮಾತು ಅಂದಿದ್ದ. ರಫೀಕ್ ಒಪ್ಪಲಿಲ್ಲ. ಹುಡುಗನನ್ನು ಒಬ್ಬನೇ ಬಿಡಬಾರದೆಂಬುದೇ ಇನ್ನೂ ಅವನ ತಲೆಯಲ್ಲಿತ್ತು. ನಿಜ ಹೇಳಬೇಕೆಂದರೆ ಫೋನಿನಲ್ಲಿ ಅಷ್ಟು ಹೊಗಳದೆ ಅವನನ್ನು ಅವನ ಪಾಡಿಗೆ ಬಿಟ್ಟಿದ್ದರೆ ಆಗಲೇ ಅವನಿಗೆ ಕೆಲಸ ಸಿಕ್ಕಿರುತ್ತಿತ್ತು. ಇದು ನನ್ನ ಬಾಯಿಯ ತುದಿಗೆ ಬಂದು ನಿಂತಿತು. ಆದರೆ ಹಡಗಿನ ಮೇಲೆ ಕೈಸನ್ನೆ ಮಾಡಿದ ಕೈ ನನ್ನದೇ, ಆದ್ದರಿಂದ ನುಂಗಿಕೊಂಡೆ.

ಬರುವಾಗ ಕಂಡ ಕುರಿ ಹಸುಗಳೇ ಹೋಗುವಾಗಲೂ ಕಂಡವು, ಯಾರೂ ನೋಡಲಿಲ್ಲ. ಕೈಕೋರಾದಲ್ಲಿ ಕಾನರ್ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ ಇಳಿದುಹೋದ. ಬಂಡೆಗಳ ಹತ್ತಿರ ಬಹಳ ಹೊತ್ತು ಬೆನ್ನು ತಿರುಗಿಸಿ ನಿಂತಿದ್ದ. ಮಳೆ ಹನಿಯುತ್ತಿತ್ತು. ಮರಳಿ ಬಂದು ಬಾಗಿಲು ಹಾಕಿಕೊಂಡು, ಎಂಜಿನ್ ಶುರು ಮಾಡುವ ಮುಂಚೆ ಒಂದೇ ಮಾತು ಹೇಳಿದ.

“ಅಂಕಲ್, ಎಂಟು ತಿಂಗಳು ಅಂದಿದ್ರೆ ಸಾಕಿತ್ತು.”

ರಫೀಕ್ ಕಿಟಕಿಯ ಆಚೆ ನೋಡುತ್ತ, “ಎಂಟು ತಿಂಗಳು ಅಂದ್ರ ಏನೂ ಅಂದಂಗ ಆಗ್ತಿರಲಿಲ್ಲಲ್ಲೋ,” ಎಂದ. ಕನ್ನಡದಲ್ಲಿ ಅಂದ, ನನಗೋ ಅವನಿಗೋ ತನಗೋ ಗೊತ್ತಿಲ್ಲ. ಕಾನರ್ ಗೇರು ಹಾಕಿದ.

ಪಿಕ್ಟನ್‌ನಲ್ಲಿ ರಾತ್ರಿ ಕಳೆದು, ಬೆಳಗ್ಗೆ ಹಡಗಿನ ಸಾಲಿನಲ್ಲಿ ಗಾಡಿ ನಿಲ್ಲಿಸಿ ಕಾದೆವು. ಮಳೆ ನಿಂತು ಬಿಸಿಲು ಬಿದ್ದಿತ್ತು. ಕಾನರ್ ಇಳಿದು ಗಾಡಿಗೆ ಒರಗಿ ನಿಂತು ಮನೆಗೆ ಕರೆ ಮಾಡಿದ. ಗುರುವಾರದಿಂದ ಅವನು ಅವರ ಕರೆ ಎತ್ತಿರಲಿಲ್ಲ. ಕಿಟಕಿ ಅರ್ಧ ತೆರೆದಿದ್ದರಿಂದ ನಮಗೆಲ್ಲ ಕೇಳಿಸುತ್ತಿತ್ತು. ಕಂಪನಿಗೆ ಬರಬೇಕಿದ್ದ ದೊಡ್ಡ ಕೆಲಸ ತಪ್ಪಿಹೋಯಿತಂತೆ, ಹೊಸಬರನ್ನು ಯಾರನ್ನೂ ತೆಗೆದುಕೊಳ್ಳುವುದಿಲ್ಲವಂತೆ ಎಂದು ಹೇಳಿದ. ಅಂಕಲ್ ಮಾತ್ರ ಫೋನಿನಲ್ಲಿ ಬಹಳ ಚೆನ್ನಾಗಿ ಮಾತಾಡಿದ್ದರು, ತಮ್ಮ ಮಗನ ಹಾಗೆ ಎಂದಿದ್ದರು, ಮ್ಯಾನೇಜರೇ ಓದಿ ಹೇಳಿದಳು ಎಂದೂ ಸೇರಿಸಿದ. ನಾನು ರಫೀಕ್‌ನ ಮುಖ ನೋಡಿದೆ. ಅವನು ತನ್ನ ಅಂಗೈ ನೋಡಿಕೊಳ್ಳುತ್ತಿದ್ದ. ಮಾತಿನಲ್ಲಿ ಒಂದಿಷ್ಟೂ ಹೆಚ್ಚು ಕಡಿಮೆ ಮಾಡದ ಆ ಹುಡುಗ ತಾಯಿಯ ಮುಂದೆ ಮೊದಲ ಸಲ ಸುಳ್ಳು ಹೇಳುತ್ತಿದ್ದ, ಅದೂ ನಮ್ಮ ಮಾನ ಉಳಿಸಲು.

ತಾಯಿ ಅಳಲಿಲ್ಲ. ಸೋಫಾಕ್ಕೆ ಹೊಸ ಹೊದಿಕೆ ತಂದಿಡುತ್ತೇನೆ, ಬಾ ಎಂದಳು. ಅಣ್ಣ ಟಿಕೆಟಿನ ವ್ಯವಸ್ಥೆ ಮಾಡುತ್ತಾನೆ, ನೀನು ಚಿಂತಿಸಬೇಡ ಎಂದಳು. ಆಮೇಲೆ, ಆ ಅಂಕಲ್ ಹತ್ತಿರದಲ್ಲಿದ್ದರೆ ಫೋನ್ ಕೊಡು ಎಂದು ಕೇಳಿದಳು. ಕಾನರ್ ಫೋನನ್ನು ಕಿಟಕಿಯೊಳಗೆ ಚಾಚಿದ.

ರಫೀಕ್ ಎರಡೂ ಕೈಯಲ್ಲಿ ಹಿಡಿದುಕೊಂಡ. ಮೇಯೋದ ಅಡುಗೆಮನೆಯ ದೀಪದ ಕೆಳಗೆ ಆ ದುಂಡು ಮೋರೆ, ಅದೇ ಸ್ವೆಟರ್. ನೀವು ನನ್ನ ಮಗನ ಪರವಾಗಿ ಎಷ್ಟು ಚೆನ್ನಾಗಿ ಮಾತಾಡಿದಿರಂತೆ, ನಿಮ್ಮ ಮಗನ ಹಾಗೆ ಎಂದಿರಂತೆ, ಕಾನರ್ ಎಲ್ಲ ಹೇಳಿದ ಎಂದಳು. ಕೆಲಸ ಸಿಗದಿದ್ದರೆ ಹೋಗಲಿ, ಪರದೇಶದಲ್ಲಿ ಅವನ ಪರವಾಗಿ ನಾಲ್ಕು ಮಾತಾಡುವವರು ಇದ್ದರಲ್ಲ, ಅದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ, ದೇವರು ನಿಮ್ಮನ್ನು ಚೆನ್ನಾಗಿಡಲಿ ಎಂದಳು.

ಮಾತಿಗೆ ಎಂದೂ ಬಡತನ ಇಲ್ಲದ ರಫೀಕ್ ಫೋನನ್ನು ಮುಖದ ಹತ್ತಿರ ತಂದುಕೊಂಡ. ಇಂಗ್ಲಿಷಿನಲ್ಲಿ ಇಷ್ಟೇ ಹೇಳಿದ.

“ಎಂಟು ತಿಂಗಳು, ಸಿಸ್ಟರ್. ಅವನು ನಮ್ಮ ಹತ್ತಿರ ಇದ್ದದ್ದು ಎಂಟೇ ತಿಂಗಳು.”

“ಅಷ್ಟೇನಾ?” ಎಂದಳು ಆ ತಾಯಿ. “ಅವನ ಮಾತು ಕೇಳಿದರೆ ಎಷ್ಟೋ ವರ್ಷದಿಂದ ನಿಮ್ಮಲ್ಲೇ ಇದ್ದಾನೆ ಅನ್ನಿಸುತ್ತಿತ್ತು.”

ರಫೀಕ್ ಫೋನನ್ನು ನನ್ನ ಕೈಗಿಟ್ಟು ಮುಖ ಆಚೆ ಹೊರಳಿಸಿದ. ಅಷ್ಟರಲ್ಲಿ ಮುಂದಿನ ಗಾಡಿಗಳು ಒಂದೊಂದಾಗಿ ಹಡಗಿನೊಳಗೆ ಇಳಿಯತೊಡಗಿದವು. ಕಾನರ್ ಬಂದು ಕೂತು, ನನ್ನ ಕೈಯಿಂದ ಫೋನ್ ತೆಗೆದುಕೊಂಡು ಜೇಬಿಗೆ ಹಾಕಿದ. ಹಡಗು ಬಿಟ್ಟ ಮೇಲೆ ನಾನೊಬ್ಬಳೇ ಮೇಲಿನ ಅಟ್ಟಕ್ಕೆ ಹೋದೆ. ದಕ್ಷಿಣ ದ್ವೀಪದ ಗುಡ್ಡಗಳು ಒಂದರ ಹಿಂದೆ ಒಂದು ಸರಿಯುತ್ತಿದ್ದವು, ನೀರು ಹಸಿರಾಗಿತ್ತು. ಬರುವಾಗ ನಾವಿಬ್ಬರೂ ಹಿಡಿದು ನಿಂತಿದ್ದಂಥದೇ ಕಂಬಿ ಅಲ್ಲಿತ್ತು. ನಾನು ಅದನ್ನು ಮುಟ್ಟಲಿಲ್ಲ.